ಒತ್ತೆಹಣಕ್ಕಾಗಿ ಅಪಹರಣ ಮತ್ತು ಕೊಲೆ: ಮೇಲ್ಮನವಿಯಲ್ಲಿ ಒಂದು ಕಲಂ ಬಿದ್ದರೆ ಉಳಿದ ಶಿಕ್ಷೆಯೂ ಬೀಳುತ್ತದೆಯೇ?

ಪ್ರಶ್ನೆ: ಸೋದರಮಾವ

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗನನ್ನು ಹಣಕ್ಕಾಗಿ ಅಪಹರಿಸಿ ಕೊಂದ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯವು ಮೂವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ, ಭಾರತೀಯ ದಂಡ ಸಂಹಿತೆಯ ಕಲಂ 364ಎ (ಒತ್ತೆಹಣಕ್ಕಾಗಿ ಅಪಹರಣ), 302 (ಕೊಲೆ), 201 (ಸಾಕ್ಷ್ಯ ನಾಶ) ಸಹ ಕಲಂ 34ರ (ಸಮಾನ ಉದ್ದೇಶ) ಅಡಿಯಲ್ಲಿ ಶಿಕ್ಷೆ ವಿಧಿಸಿದೆ. ಅಪಹರಣಕ್ಕೂ ಕೊಲೆಗೂ ಬೇರೆ ಬೇರೆಯಾಗಿ ಜೀವಾವಧಿ ಶಿಕ್ಷೆಯಾಗಿದ್ದು, ಎರಡನ್ನೂ ಏಕಕಾಲಕ್ಕೆ ಅನುಭವಿಸತಕ್ಕದ್ದೆಂದು ಆದೇಶದಲ್ಲಿದೆ. ಮೂವರೂ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ಅದು ಅಂಗೀಕಾರವಾಗಿ ತಳ ನ್ಯಾಯಾಲಯದ ಕಡತವನ್ನು ತರಿಸಿಕೊಳ್ಳಲಾಗಿದೆ. ಅವರಲ್ಲಿ ಇಬ್ಬರು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಬೇಕೆಂದೂ ಅರ್ಜಿ ಹಾಕಿದ್ದಾರೆ.

ಮೇಲ್ಮನವಿಯ ಆಧಾರಗಳ ಪ್ರತಿಯನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅದರಲ್ಲಿ ಮೂರು ವಿಷಯಗಳನ್ನು ಒತ್ತಿ ಹೇಳಿದ್ದಾರೆ. ಮೊಬೈಲ್ ಕರೆಗಳ ವಿವರದ ಪಟ್ಟಿಗೆ ಸಾಕ್ಷ್ಯ ಅಧಿನಿಯಮದ ಕಲಂ 65ಬಿ ಪ್ರಮಾಣಪತ್ರ ಲಗತ್ತಿಸಿಲ್ಲ, ಆದ್ದರಿಂದ ಅದನ್ನು ನೋಡಲೇಬಾರದು ಎನ್ನುವುದು ಮೊದಲನೆಯದು. ಮರಣೋತ್ತರ ಪರೀಕ್ಷೆಯ ವೈದ್ಯರ ಹೇಳಿಕೆಯನ್ನು ಹಿಡಿದುಕೊಂಡು, ಭಾವನವರಿಗೆ ಹಣ ಕೇಳಿ ಫೋನ್ ಬರುವ ಹೊತ್ತಿಗೆ ಹುಡುಗ ಬದುಕಿರಲಿಲ್ಲ, ಹಾಗಿರುವಾಗ 364ಎ ಅನ್ವಯಿಸುವುದೇ ಇಲ್ಲ ಎನ್ನುವುದು ಎರಡನೆಯದು. ಕೊಂದದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಇಡೀ ಪ್ರಕರಣ ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತಿದೆ, ಅದರಲ್ಲಿ ಒಂದು ಕೊಂಡಿ ಕಳಚಿದರೂ ಎಲ್ಲರನ್ನೂ ಖುಲಾಸೆಗೊಳಿಸಬೇಕು ಎನ್ನುವುದು ಮೂರನೆಯದು.

ನಮ್ಮ ಪರಿಚಯದ ಒಬ್ಬರು, ಒತ್ತೆಹಣದ ಕಲಂ ಬಿದ್ದುಹೋದರೆ ಏಳು ವರ್ಷದ ಶಿಕ್ಷೆಯಷ್ಟೇ ಉಳಿಯುತ್ತದೆ, ಜೈಲಿನಲ್ಲಿ ಕಳೆದ ಕಾಲವನ್ನು ಅದರಲ್ಲಿ ಕಳೆದು ಬಿಟ್ಟುಬಿಡುತ್ತಾರೆ ಎಂದು ಹೇಳಿದರು. ಅಂದಿನಿಂದ ಅಕ್ಕ ಸರಿಯಾಗಿ ಊಟ ಮಾಡಿಲ್ಲ. ಆ ಮಾತು ನಿಜವೇ? ಈ ಹಂತದಲ್ಲಿ ನಮ್ಮ ಮಾತನ್ನು ನ್ಯಾಯಾಲಯ ಕೇಳುತ್ತದೆಯೇ, ಅಥವಾ ಎಲ್ಲವನ್ನೂ ಸರ್ಕಾರಿ ವಕೀಲರಿಗೆ ಬಿಟ್ಟು ಕಾಯುತ್ತ ಕೂರಬೇಕೇ? ತಿಳಿದವರು ದಯವಿಟ್ಟು ವಿವರವಾಗಿ ಉತ್ತರಿಸಿ. ಸಮಾಧಾನದ ಮಾತು ಬೇಡ, ಇರುವುದನ್ನು ಇರುವಂತೆಯೇ ಹೇಳಿ.

ಉತ್ತರ: ಮೇಲ್ಮನವಿ ವಕೀಲ

ನಿಮ್ಮ ಕುಟುಂಬದ ದುಃಖದಲ್ಲಿ ನಾನೂ ಭಾಗಿ. ಇರುವುದನ್ನು ಇರುವಂತೆ ಕೇಳಿದ್ದೀರಿ, ಹಾಗೆಯೇ ಬರೆಯುತ್ತೇನೆ.

ಮೊದಲು ನಿಮ್ಮ ಅಕ್ಕನವರಿಗೆ ಈ ಒಂದು ಮಾತನ್ನು ತಿಳಿಸಿ. ಒತ್ತೆಹಣದ ಅಪರಾಧ ಮತ್ತು ಕೊಲೆಯ ಅಪರಾಧ ಒಂದೇ ಘಟನೆಯಿಂದ ಹುಟ್ಟಿದ್ದರೂ ಕಾನೂನಿನ ಕಣ್ಣಿನಲ್ಲಿ ಎರಡೂ ಪ್ರತ್ಯೇಕವಾಗಿ ನಿಲ್ಲುತ್ತವೆ. 364ಎ ಕಲಮಿಗೆ ಮರಣದಂಡನೆ ಅಥವಾ ಜೀವಾವಧಿ, ಅದಕ್ಕಿಂತ ಕಡಿಮೆ ಶಿಕ್ಷೆಯೇ ಇಲ್ಲ. 302ಕ್ಕೂ ಅಷ್ಟೇ. ಆದ್ದರಿಂದ ಮೇಲ್ಮನವಿದಾರರು ಹೊರಬರಬೇಕಾದರೆ ಎರಡನ್ನೂ ಮುರಿಯಬೇಕಾಗುತ್ತದೆ. ಒತ್ತೆಹಣದ ಅಂಶ ರುಜುವಾತಾಗಿಲ್ಲ ಎಂದು ಹೈಕೋರ್ಟ್ ಅಭಿಪ್ರಾಯಪಟ್ಟು 364ಎ ಅನ್ನು ತೆಗೆದುಹಾಕಿದರೂ, ಕೊಲೆಯ ಆರೋಪ ಉಳಿದರೆ ಜೀವಾವಧಿ ಶಿಕ್ಷೆ ಹಾಗೆಯೇ ಉಳಿಯುತ್ತದೆ. ನಿಮ್ಮ ಪರಿಚಯದವರು ಹೇಳಿದ ಏಳು ವರ್ಷದ ಮಾತು ಎಲ್ಲಿಂದ ಬಂದಿರಬಹುದೆಂಬುದನ್ನು ಊಹಿಸಬಲ್ಲೆ. 2021ರಲ್ಲಿ ಸುಪ್ರೀಂ ಕೋರ್ಟ್ ಶೇಖ್ ಅಹ್ಮದ್ ವಿರುದ್ಧ ತೆಲಂಗಾಣ ರಾಜ್ಯ ಪ್ರಕರಣದಲ್ಲಿ 364ಎ ಅಡಿಯ ಜೀವಾವಧಿಯನ್ನು ರದ್ದುಮಾಡಿ, ಬರಿಯ ಅಪಹರಣದ ಕಲಂ 363ರ ಅಡಿಯಲ್ಲಿ ಏಳು ವರ್ಷಕ್ಕೆ ಇಳಿಸಿತು. ಆದರೆ ಅಲ್ಲಿ ಶಾಲೆಯ ಹುಡುಗನೊಬ್ಬನನ್ನು ಆಟೋದಲ್ಲಿ ಕರೆದೊಯ್ದು 2 ಲಕ್ಷ ರೂಪಾಯಿ ಕೇಳಲಾಗಿತ್ತು, ಹುಡುಗ ಯಾವ ಗಾಯವೂ ಇಲ್ಲದೆ ಸಿಕ್ಕಿದ್ದ, ಕೊಲೆಯ ಆರೋಪವೇ ಇರಲಿಲ್ಲ. ಆ ತೀರ್ಪನ್ನು ನಿಮ್ಮ ಪ್ರಕರಣದ ಶಿಕ್ಷೆಗೆ ನೇರವಾಗಿ ಹೊಂದಿಸಲಾಗದು.

ಹಾಗೆಂದು ಆ ತೀರ್ಪು ಹೇಳಿದ ತತ್ವವನ್ನು ಹಗುರವಾಗಿ ಕಾಣುವಂತಿಲ್ಲ. 364ಎ ಸಾಬೀತಾಗಲು ಅಪಹರಣ ಮತ್ತು ಹಣದ ಬೇಡಿಕೆ ಎರಡೇ ಸಾಲವು. ಅಪಹೃತ ವ್ಯಕ್ತಿಯನ್ನು ಕೊಲ್ಲುವ ಅಥವಾ ಗಾಯಗೊಳಿಸುವ ಬೆದರಿಕೆ ಇರಬೇಕು, ಇಲ್ಲವೇ ಅಂಥ ಭಯ ಸಹಜವಾಗಿಯೇ ಹುಟ್ಟುವಂತಹ ನಡವಳಿಕೆ ಇರಬೇಕು, ಇಲ್ಲವೇ ಹಣ ಕೊಡುವಂತೆ ಒತ್ತಾಯಿಸುವುದಕ್ಕಾಗಿಯೇ ನಿಜವಾಗಿ ಗಾಯವನ್ನೋ ಸಾವನ್ನೋ ಉಂಟುಮಾಡಿರಬೇಕು. ಹಣ ಕೇಳಿದ್ದು ಸಾಬೀತಾಗಿ ಬೆದರಿಕೆ ಸಾಬೀತಾಗದೆ 364ಎ ಬಿದ್ದುಹೋದ ಉದಾಹರಣೆಗಳು ಆ ಮೇಲೂ ಬಂದಿವೆ. 2024ರ ವಿಲಿಯಂ ಸ್ಟೀಫನ್ ವಿರುದ್ಧ ತಮಿಳುನಾಡು ರಾಜ್ಯ ಪ್ರಕರಣ ಅಂಥದ್ದು. ಆದ್ದರಿಂದ ನಿಮ್ಮ ಭಾವನವರು ಸಾಕ್ಷಿಕಟ್ಟೆಯಲ್ಲಿ ಆ ಫೋನ್ ಕರೆಯ ಬಗ್ಗೆ ಏನು ನುಡಿದಿದ್ದಾರೆ ಎಂಬುದನ್ನು ಒಮ್ಮೆ ಶಾಂತವಾಗಿ ಕುಳಿತು ಓದಿಸಿ. 'ಇಷ್ಟು ಹಣ ತನ್ನಿ' ಎಂಬಷ್ಟೇ ಇದೆಯೇ, ಅಥವಾ 'ತರದಿದ್ದರೆ ನಿಮ್ಮ ಹುಡುಗ ಸಿಗುವುದಿಲ್ಲ', 'ಪೊಲೀಸರಿಗೆ ತಿಳಿಸಿದರೆ ಮುಗಿಸುತ್ತೇವೆ' ಎಂಬ ಧಾಟಿಯ ಮಾತೂ ಇದೆಯೇ? ಆ ಒಂದು ವಾಕ್ಯದ ಮೇಲೆ 364ಎ ನಿಲ್ಲಬಹುದು ಅಥವಾ ಬೀಳಬಹುದು. ಅದು ದೂರಿನಲ್ಲಿಯೇ ಬಂದಿದೆಯೇ, ಅಥವಾ ಮೊದಲ ಬಾರಿಗೆ ಮುಖ್ಯ ವಿಚಾರಣೆಯಲ್ಲಿ ಬಂದು ಪಾಟಿ ಸವಾಲಿನಲ್ಲಿ ಸುಧಾರಿತ ಹೇಳಿಕೆ (ಮೊದಲು ಹೇಳದ್ದನ್ನು ಆಮೇಲೆ ಸೇರಿಸಿದ್ದು) ಎಂದು ಗುರುತಾಗಿದೆಯೇ ಎಂಬುದನ್ನೂ ನೋಡಬೇಕು.

ಫೋನ್ ಬರುವಷ್ಟರಲ್ಲಿ ಹುಡುಗ ಬದುಕಿರಲಿಲ್ಲ ಎಂಬ ವಾದವನ್ನು ಓದಿದಾಗ ನಿಮಗೆ ಎಷ್ಟು ಸಂಕಟವಾಗಿರಬಹುದೆಂದು ಬಲ್ಲೆ. ಕಾನೂನಿನ ದೃಷ್ಟಿಯಿಂದ ನನಗೆ ಅದು ಬಲವಾದ ವಾದವಾಗಿ ಕಾಣುವುದಿಲ್ಲ. ಕಲಮಿನ ಪದಗಳಲ್ಲಿ ಬೆದರಿಕೆ ಹಾಕುವ ಕ್ಷಣದಲ್ಲಿ ಅಪಹೃತ ವ್ಯಕ್ತಿ ಜೀವಂತವಾಗಿರಲೇಬೇಕೆಂಬ ಷರತ್ತಿಲ್ಲ. ಬೆದರಿಕೆಯನ್ನು ಕೇಳಿಸಿಕೊಂಡ ತಂದೆಯ ಮನಸ್ಸಿನಲ್ಲಿ ಮಗನ ಜೀವದ ಬಗ್ಗೆ ಭಯ ಹುಟ್ಟುವುದೇ ಅಲ್ಲಿ ಮುಖ್ಯ, ಮತ್ತು ಮಗ ಇನ್ನಿಲ್ಲವೆಂಬುದು ಆ ತಂದೆಗೆ ತಿಳಿದಿರಲಿಲ್ಲ. ಇದಲ್ಲದೆ ವೈದ್ಯರು ಹೇಳುವ ಸಾವಿನ ಸಮಯ ಯಾವತ್ತೂ ಕೆಲವು ಗಂಟೆಗಳ ಅಂತರವುಳ್ಳ ಅಂದಾಜು. ಹಣ ಕೇಳುವ ಉದ್ದೇಶ ಮೊದಲಿನಿಂದಲೂ ಇತ್ತು ಎಂಬುದನ್ನು ಬೇರೆ ಸಾಕ್ಷ್ಯ ತೋರಿಸಿದರೆ ಆ ಅಂದಾಜಿನ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಬೇಡಿಕೆ ಹಣ ಕೊಡುವವರಿಗೇ ನೇರವಾಗಿ ತಲುಪಿರಬೇಕೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2004ರಷ್ಟು ಹಿಂದೆಯೇ ಮಲ್ಲೇಶಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಬಗೆಹರಿಸಿ, ಅಪಹೃತನಿಗೆ ಬೇಡಿಕೆ ತಿಳಿಸಿದ್ದರೂ ಸಂದರ್ಭಕ್ಕನುಗುಣವಾಗಿ ಅದು ಸಾಕಾಗುತ್ತದೆ ಎಂದಿದೆ. ನಿಮ್ಮಲ್ಲಿ ಫೋನ್ ತಂದೆಗೇ ಬಂದಿರುವುದರಿಂದ ಆ ತೊಡಕೂ ಇಲ್ಲ.

ಇನ್ನು 65ಬಿ ಪ್ರಮಾಣಪತ್ರ. ವಿದ್ಯುನ್ಮಾನ ದಾಖಲೆಯ ನಕಲಿಗೆ ಈ ಪ್ರಮಾಣಪತ್ರ ಕಡ್ಡಾಯ ಎಂದು 2014ರ ಅನ್ವರ್ ತೀರ್ಪೂ, ಅದನ್ನು ಎತ್ತಿಹಿಡಿದ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪೂ ಸ್ಪಷ್ಟವಾಗಿ ಹೇಳಿವೆ. ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ವಿಚಾರಣೆಯಲ್ಲಿ ಆ ಪಟ್ಟಿಯನ್ನು ನಿಶಾನೆಯಾಗಿ (ಸಾಕ್ಷ್ಯದ ದಾಖಲೆಯಾಗಿ) ಗುರುತಿಸುವಾಗ ಆರೋಪಿಗಳ ವಕೀಲರು ಆಕ್ಷೇಪಿಸಿದ್ದರೇ? 2017ರ ಸೋನು ವಿರುದ್ಧ ಹರಿಯಾಣ ರಾಜ್ಯ ಪ್ರಕರಣವೂ ಒತ್ತೆಹಣಕ್ಕಾಗಿ ಅಪಹರಣ ಮತ್ತು ಕೊಲೆಯದ್ದೇ ಆಗಿತ್ತು. ಅಲ್ಲಿಯೂ ಕರೆ ವಿವರಗಳಿಗೆ ಪ್ರಮಾಣಪತ್ರವಿರಲಿಲ್ಲ. ವಿಚಾರಣೆಯ ವೇಳೆ ಸುಮ್ಮನಿದ್ದು ಮೇಲ್ಮನವಿಯಲ್ಲಿ ಮೊದಲ ಬಾರಿಗೆ ಈ ಆಕ್ಷೇಪ ಎತ್ತುವಂತಿಲ್ಲ, ಅಂದೇ ಎತ್ತಿದ್ದರೆ ಪ್ರಾಸಿಕ್ಯೂಷನ್‌ಗೆ ಕೊರತೆ ಸರಿಪಡಿಸಿಕೊಳ್ಳುವ ಅವಕಾಶ ಸಿಗುತ್ತಿತ್ತು ಎಂದು ಸುಪ್ರೀಂ ಕೋರ್ಟ್ ತಿರಸ್ಕರಿಸಿತು. 2020ರ ತೀರ್ಪಿನ ಬೆಳಕಿನಲ್ಲಿ ಈ ನಿಲುವನ್ನು ಮೇಲ್ಮನವಿದಾರರ ವಕೀಲರು ಪ್ರಶ್ನಿಸುವುದುಂಟು. ಆದರೂ ನಿಮ್ಮ ಕಡೆಯಿಂದ ಹೇಳಲು ಗಟ್ಟಿಯಾದ ಉತ್ತರವೊಂದಿದೆ ಎಂದು ಭರವಸೆಯಿಂದ ಹೇಳಬಲ್ಲೆ.

ನಿಮ್ಮ ಮಾತನ್ನು ಕೇಳುತ್ತಾರೆಯೇ ಎಂದಿರಿ. ಕೇಳುತ್ತಾರೆ, ಮಿತಿಯೊಳಗೆ. ಮೃತನ ವಾರಸುದಾರರಾದ ನಿಮ್ಮ ಅಕ್ಕ ಮತ್ತು ಭಾವ ಕಾನೂನಿನ ವ್ಯಾಖ್ಯೆಯಂತೆ 'ಸಂತ್ರಸ್ತರು', ಆದ್ದರಿಂದ ಅರ್ಜಿ ನಿಮ್ಮ ಹೆಸರಿನಲ್ಲಿರುವುದಕ್ಕಿಂತ ಅವರ ಹೆಸರಿನಲ್ಲಿರುವುದು ಒಳ್ಳೆಯದು. ಜಾಮೀನಿನ ಹಂತವೂ ಸೇರಿದಂತೆ ಪ್ರತಿ ಹಂತದಲ್ಲೂ ಸಂತ್ರಸ್ತರಿಗೆ ತಮ್ಮ ಮಾತು ಹೇಳುವ ಹಕ್ಕಿದೆಯೆಂದು 2022ರ ಜಗಜೀತ್ ಸಿಂಗ್ ವಿರುದ್ಧ ಆಶಿಶ್ ಮಿಶ್ರಾ ತೀರ್ಪು ಹೇಳುತ್ತದೆ. ನೀವು ನೇಮಿಸಿಕೊಂಡ ವಕೀಲರು ಸರ್ಕಾರಿ ಅಭಿಯೋಜಕರಿಗೆ ನೆರವಾಗಿ, ಲಿಖಿತ ವಾದವನ್ನು ಸಿದ್ಧಪಡಿಸಿ ಕೊಡಬಹುದು. ಶಿಕ್ಷೆ ಅಮಾನತಿನ ಅರ್ಜಿ ಬೇಗ ವಿಚಾರಣೆಗೆ ಬರುತ್ತದೆ, ಅಲ್ಲಿ ಮೊದಲು ಹಾಜರಾಗಿ. ಜೀವಾವಧಿಯಂಥ ಶಿಕ್ಷೆಯಲ್ಲಿ ಲಿಖಿತ ಆಕ್ಷೇಪಣೆ ಸಲ್ಲಿಸಲು ಸರ್ಕಾರಿ ಅಭಿಯೋಜಕರಿಗೆ ಅವಕಾಶ ಕೊಡದೆ ಬಿಡುಗಡೆಯ ಆದೇಶ ಮಾಡುವಂತಿಲ್ಲ. ಅಮಾನತು ಸಿಕ್ಕಿದರೂ ಅದು ಖುಲಾಸೆಯಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಟ್ಟಿರಿ.

ಉತ್ತರ: ನಿವೃತ್ತ ಸರ್ಕಾರಿ ಅಭಿಯೋಜಕ

ವಕೀಲ ಮಿತ್ರರು ಬರೆದಿರುವುದನ್ನು ಒಪ್ಪುತ್ತೇನೆ. ಆದರೆ ಇಂಥ ಮೇಲ್ಮನವಿಗಳು ಸೋಲುವುದು ಅಥವಾ ಗೆಲ್ಲುವುದು ಕರೆ ವಿವರಗಳಿಂದಲ್ಲ, ಶವ ಸಿಕ್ಕ ಬಗೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಪ್ರಶ್ನೆಯಲ್ಲಿ ಆ ವಿಷಯದ ಪ್ರಸ್ತಾಪವೇ ಇಲ್ಲ.

ಸಾಂದರ್ಭಿಕ ಸಾಕ್ಷ್ಯದ ಪ್ರಕರಣದಲ್ಲಿ ಪ್ರತಿಯೊಂದು ಸಂದರ್ಭವೂ ಪೂರ್ಣವಾಗಿ ರುಜುವಾತಾಗಬೇಕು, ಎಲ್ಲವೂ ಸೇರಿ ಆರೋಪಿಯೇ ಮಾಡಿದ್ದಾನೆ ಎಂಬ ಒಂದೇ ತೀರ್ಮಾನದ ಕಡೆಗೆ ಒಯ್ಯಬೇಕು ಎಂಬುದು 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನಿಂದ ನೆಲೆಯಾದ ನಿಯಮ. ಅಪಹರಣ ಮತ್ತು ಕೊಲೆ ಪ್ರಕರಣಗಳಲ್ಲಿ ಈ ಸಂದರ್ಭಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಹುಡುಗನನ್ನು ಆರೋಪಿಯ ಜೊತೆ ಕೊನೆಯದಾಗಿ ಕಂಡವರು ಇರುತ್ತಾರೆ, ಫೋನ್ ಕರೆ ಇರುತ್ತದೆ, ಆಮೇಲೆ ಆರೋಪಿಯ ಸ್ವಇಚ್ಛಾ ಹೇಳಿಕೆಯಂತೆ ಶವ, ಚಪ್ಪಲಿ, ಶಾಲೆಯ ಚೀಲ, ಸಿಮ್ ಕಾರ್ಡು ಮುಂತಾದವು ಪಂಚರ ಸಮಕ್ಷಮ ಸಿಕ್ಕಿದುವೆಂಬ ಮಹಜರು ಇರುತ್ತದೆ. ಈ ಮೂರನೆಯದೇ ಕೊಲೆಗೂ ಆರೋಪಿಗೂ ನಂಟು ಕಟ್ಟುವ ಗಂಟು. ಅದು ಸಡಿಲವಾದರೆ ಉಳಿದೆರಡರಿಂದ ಕೊಲೆಯನ್ನು ಹಿಡಿದು ನಿಲ್ಲಿಸುವುದು ಬಹಳ ಕಷ್ಟ.

ಕಡತದಲ್ಲಿ ತನಿಖಾಧಿಕಾರಿಯ ಸಾಕ್ಷ್ಯವನ್ನು ತೆಗೆದು ಆ ಭಾಗವನ್ನೇ ಓದಿ. 'ಆರೋಪಿಯನ್ನು ದಸ್ತಗಿರಿ ಮಾಡಿದೆನು, ಆತ ಸ್ವಇಚ್ಛಾ ಹೇಳಿಕೆ ನೀಡಿದನು, ಅದನ್ನು ನಿಶಾನೆಯಾಗಿ ಗುರುತಿಸಲಾಗಿದೆ, ಬಳಿಕ ಸ್ಥಳಕ್ಕೆ ಹೋಗಿ ಮಹಜರು ಮಾಡಿದೆನು' ಎಂದಿಷ್ಟೇ ಇದ್ದರೆ ಅದು ಸಾಲದು. ಆರೋಪಿ ಆಡಿದ ಮಾತು ಯಾವುದು, ಯಾವ ಮಾತಿನಿಂದ ಯಾವ ವಸ್ತು ಪತ್ತೆಯಾಯಿತು ಎಂಬುದು ಅಧಿಕಾರಿಯ ಬಾಯಿಂದ ನ್ಯಾಯಾಲಯದಲ್ಲಿ ಬರಬೇಕು. 2022ರ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿ, ಹೈಕೋರ್ಟ್ ವಿಧಿಸಿದ್ದ ಶಿಕ್ಷೆಯನ್ನು ರದ್ದುಗೊಳಿಸಿತು. ಎಷ್ಟೋ ಕಡತಗಳಲ್ಲಿ ಇಡೀ ತಪ್ಪೊಪ್ಪಿಗೆಯನ್ನೇ ನಿಶಾನೆಯಾಗಿ ಗುರುತಿಸಿರುತ್ತಾರೆ. ಸಾಕ್ಷ್ಯ ಅಧಿನಿಯಮದ ಕಲಂ 27ರ ಪ್ರಕಾರ ವಸ್ತುವಿನ ಪತ್ತೆಗೆ ಕಾರಣವಾದ ತುಣುಕು ಮಾತ್ರ ಗ್ರಾಹ್ಯ, ಉಳಿದದ್ದನ್ನು ಓದುವಂತೆಯೇ ಇಲ್ಲ.

ದಸ್ತಗಿರಿಯ ಹೊತ್ತನ್ನೂ ನೋಡಿ. ಮಧ್ಯಪ್ರದೇಶದಲ್ಲಿ 15 ವರ್ಷದ ಹುಡುಗನೊಬ್ಬನನ್ನು ಒತ್ತೆಹಣಕ್ಕಾಗಿ ಅಪಹರಿಸಿ ಕೊಂದರೆಂಬ ಆರೋಪದಲ್ಲಿ ಇಬ್ಬರಿಗೆ ಗಲ್ಲು, ಒಬ್ಬರಿಗೆ ಜೀವಾವಧಿ ಆಗಿದ್ದ ರಾಜೇಶ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂವರನ್ನೂ ಖುಲಾಸೆಗೊಳಿಸಿತು. ಹೇಳಿಕೆ ಪಡೆದ ಸಮಯದಲ್ಲಿ ಆ ವ್ಯಕ್ತಿ ಪೊಲೀಸ್ ಅಭಿರಕ್ಷೆಯಲ್ಲಿದ್ದ ಆರೋಪಿಯೇ ಆಗಿರಲಿಲ್ಲ, ಆದ್ದರಿಂದ ಕಲಂ 27ರ ಆಸರೆ ಸಿಗದು ಎಂಬುದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಪೊಲೀಸರ ತನಿಖೆಗೆ ಒಂದು ಸ್ಪಷ್ಟ ಸಂಹಿತೆಯೇ ಬೇಕೆಂದು ನ್ಯಾಯಾಲಯ ನೊಂದು ಬರೆಯಿತು. ಹುಡುಗ ಸತ್ತಿದ್ದು ನಿಜ, ತಂದೆತಾಯಿಯ ದುಃಖ ನಿಜ, ಆದರೂ ಅಪರಾಧಿ ಯಾರೆಂಬುದು ಕಡೆಗೂ ನ್ಯಾಯಾಲಯದಲ್ಲಿ ಸಾಬೀತಾಗದೆ ಉಳಿಯಿತು. ದಸ್ತಗಿರಿ ಜ್ಞಾಪನದ ಸಮಯ, ಹೇಳಿಕೆಯ ಸಮಯ, ಮಹಜರಿನ ಸಮಯ ಈ ಮೂರನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಶ್ರದ್ಧೆ ತನಿಖೆಯಲ್ಲಿ ಇರಲೇಬೇಕು ಎಂದು ಸೇವೆಯುದ್ದಕ್ಕೂ ಹೇಳಿಕೊಂಡೇ ಬಂದವನು ನಾನು.

ನಿಮ್ಮ ಪರವಾಗಿರುವ ಒಂದು ನಿಯಮವನ್ನೂ ಹೇಳಬೇಕು. ಅಪಹರಿಸಿದ್ದು ಇಂಥವರೇ ಎಂಬುದು ದೃಢವಾಗಿ ರುಜುವಾತಾಗಿ, ಸ್ವಲ್ಪ ಕಾಲದಲ್ಲೇ ಅಪಹೃತ ವ್ಯಕ್ತಿಯ ಶವ ಸಿಕ್ಕಿದರೆ, ನಡುವೆ ಏನಾಯಿತೆಂಬುದನ್ನು ಅಪಹರಿಸಿದವರೇ ವಿವರಿಸಬೇಕು. ವಿವರಿಸದಿದ್ದರೆ ಕೊಂದವರೂ ಅವರೇ ಎಂದು ನ್ಯಾಯಾಲಯ ಊಹಿಸಬಹುದು. 2000ದ ಮೀರ್ ಮೊಹಮ್ಮದ್ ಓಮರ್ ಮತ್ತು 2001ರ ಸುಚ್ಚಾ ಸಿಂಗ್ ತೀರ್ಪುಗಳು ಸಾಕ್ಷ್ಯ ಅಧಿನಿಯಮದ ಕಲಂ 106ನ್ನು ಹೀಗೆ ಬಳಸಿವೆ. ಹುಡುಗ ಎಲ್ಲಿ ಹೋದ, ಯಾವಾಗ ತಮ್ಮಿಂದ ಬೇರಾದ ಎಂಬುದು ಅವರಿಗೆ ಮಾತ್ರ ಗೊತ್ತಿರುವ ಸಂಗತಿ. ಆದರೆ ಈ ಕಲಂ ಪ್ರಾಸಿಕ್ಯೂಷನ್ ತನ್ನ ಮೊದಲ ಹೊಣೆಯನ್ನು ನಿಭಾಯಿಸಿದ ಮೇಲೆ ಮಾತ್ರ ಕೆಲಸಕ್ಕೆ ಬರುತ್ತದೆ. ಅಪಹರಣವೇ ಅನುಮಾನದಲ್ಲಿದ್ದರೆ ಆರೋಪಿಯ ಮೌನವನ್ನು ಹಿಡಿದು ಶಿಕ್ಷೆ ಕೊಡುವಂತಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 313ರ ಹೇಳಿಕೆಯಲ್ಲಿ (ನ್ಯಾಯಾಲಯವೇ ಆರೋಪಿಯನ್ನು ಪ್ರಶ್ನಿಸಿ ಪಡೆಯುವ ಹೇಳಿಕೆ) ಈ ಸಂದರ್ಭವನ್ನು ಆರೋಪಿಗಳ ಮುಂದಿಟ್ಟು ಪ್ರಶ್ನೆ ಕೇಳಲಾಗಿದೆಯೇ, ಅವರು 'ಸುಳ್ಳು' ಎಂದಷ್ಟೇ ಹೇಳಿದರೇ ಎಂಬುದನ್ನು ನೋಡಿ ಬರೆಯಿರಿ.

ಒತ್ತೆಹಣದ ಭಾಗ ಬಿದ್ದರೂ ಕೊಲೆ ಉಳಿಯಬಹುದು ಎಂಬ ಮಾತು ಸರಿ. ಆದರೆ ಒಂದು ಎಚ್ಚರಿಕೆ ಬೇಕು. ಸಾಂದರ್ಭಿಕ ಸಾಕ್ಷ್ಯದ ಪ್ರಕರಣದಲ್ಲಿ ಕೊಲೆಗೆ ಕಾರಣ ಯಾವುದೆಂಬುದು ಮುಖ್ಯವಾಗುತ್ತದೆ, ಮತ್ತು ಇಲ್ಲಿ ಹಣದ ಆಸೆಯೇ ಆ ಕಾರಣ. ಫೋನ್ ಮಾಡಿದ್ದು ಇವರೇ ಎಂಬುದನ್ನು ಹೈಕೋರ್ಟ್ ನಂಬದಿದ್ದರೆ, 364ಎ ಜೊತೆಗೆ ಕೊಲೆಯ ಕಾರಣವೂ ಕೈತಪ್ಪುತ್ತದೆ. ಫೋನ್ ಮಾಡಿದ್ದು ಇವರೇ, ಬೆದರಿಕೆಯ ಮಾತು ಮಾತ್ರ ರುಜುವಾತಾಗಿಲ್ಲ ಎಂದರೆ, 364ಎ ಮಾತ್ರ ಹೋಗಿ ಕಾರಣ ಹಾಗೆಯೇ ಉಳಿಯುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ನಿಮ್ಮ ಲಿಖಿತ ವಾದದಲ್ಲಿ ಬಿಡಿಸಿ ಬರೆಯಿಸಿ.

ಪ್ರತಿಕ್ರಿಯೆ: ಸೋದರಮಾವ

ಇಬ್ಬರಿಗೂ ಕೈ ಮುಗಿಯುತ್ತೇನೆ. ನೀವು ಹೇಳಿದಂತೆ ಕಡತದ ಪ್ರತಿಯನ್ನು ತೆಗೆದು ಓದಿದೆವು. ತನಿಖಾಧಿಕಾರಿಯ ಸಾಕ್ಷ್ಯದಲ್ಲಿ ಎರಡನೇ ಆರೋಪಿ 'ಹೆಣವನ್ನು ಹಾಕಿದ ಜಾಗವನ್ನು ತೋರಿಸುತ್ತೇನೆ, ಅವನ ಚೀಲವನ್ನು ಇಟ್ಟ ಜಾಗವನ್ನೂ ತೋರಿಸುತ್ತೇನೆ' ಎಂದು ಹೇಳಿದನೆಂಬ ವಾಕ್ಯ ಸ್ಪಷ್ಟವಾಗಿದೆ. ಭಾವನವರ ಸಾಕ್ಷ್ಯದಲ್ಲಿ 'ಪೊಲೀಸರ ಹತ್ತಿರ ಹೋದರೆ ಮಗನನ್ನು ಮರೆತುಬಿಡಿ' ಎಂಬ ಮಾತಿದೆ, ಅದು ದೂರಿನಲ್ಲಿಯೂ ಇದೆ. ಕರೆ ಪಟ್ಟಿಯನ್ನು ಗುರುತಿಸುವಾಗ ಆಕ್ಷೇಪ ಬಂದಿದ್ದು ಎಲ್ಲಿಯೂ ಕಾಣುವುದಿಲ್ಲ. ಆದರೆ ಇಬ್ಬರು ಪಂಚರಲ್ಲಿ ಒಬ್ಬರು ಪ್ರತಿಕೂಲ ಸಾಕ್ಷಿಯಾಗಿದ್ದಾರೆ, ಠಾಣೆಯಲ್ಲಿಯೇ ಸಹಿ ಮಾಡಿದೆ ಎಂದು ಹೇಳಿದ್ದಾರೆ. ಇದರಿಂದ ಎಷ್ಟು ಹಾನಿ?

ಉತ್ತರ: ನಿವೃತ್ತ ಸರ್ಕಾರಿ ಅಭಿಯೋಜಕ

ಒಬ್ಬ ಪಂಚ ತಿರುಗಿಬಿದ್ದ ಮಾತ್ರಕ್ಕೆ ಮಹಜರು ಬಿದ್ದುಹೋಗುವುದಿಲ್ಲ. ಇನ್ನೊಬ್ಬ ಪಂಚ ಪಾಟಿ ಸವಾಲಿನಲ್ಲಿ ಅಲುಗಾಡದೆ ನಿಂತಿದ್ದರೆ, ತನಿಖಾಧಿಕಾರಿಯ ಮಾತು ನಂಬಿಕೆಗೆ ಅರ್ಹವಾಗಿದ್ದರೆ, ಅಷ್ಟರ ಮೇಲೆಯೇ ಪತ್ತೆಯನ್ನು ಸ್ವೀಕರಿಸಬಹುದು. ಹೇಳಿಕೆ ಎರಡನೇ ಆರೋಪಿಯದ್ದು ಎಂಬುದನ್ನು ಮಾತ್ರ ಗಮನದಲ್ಲಿಡಿ. ಅವನ ಹೇಳಿಕೆಯಿಂದಾದ ಪತ್ತೆ ಅವನ ವಿರುದ್ಧ ಬಲವಾದ ಸಾಕ್ಷ್ಯ, ಉಳಿದಿಬ್ಬರ ವಿರುದ್ಧ ಅದು ಅಷ್ಟೇ ತೂಕವನ್ನು ಪಡೆಯುವುದಿಲ್ಲ. ಅವರಿಬ್ಬರನ್ನು ಹುಡುಗನ ಜೊತೆ ಕಂಡ ಸಾಕ್ಷಿಗಳು ಯಾರು, ಅವರು ಪೊಲೀಸರಿಗೆ ಎಷ್ಟು ದಿನದ ಮೇಲೆ ಹೇಳಿಕೆ ಕೊಟ್ಟರು ಎಂಬುದರ ಕಡೆಗೆ ಹೈಕೋರ್ಟಿನ ಗಮನ ಹರಿಯುತ್ತದೆ. ಮೂವರ ವಿಷಯದಲ್ಲಿ ಒಂದೇ ಫಲಿತಾಂಶ ಬರಲೇಬೇಕೆಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಪ್ರತಿಕ್ರಿಯೆ: ಜೈಲಿನಲ್ಲಿರುವವನ ಅಕ್ಕ

ಇಲ್ಲಿ ಬರೆಯಬಹುದೋ ಬಾರದೋ ಎಂದು ಬಹಳ ಯೋಚಿಸಿದೆ. ಪ್ರಶ್ನೆ ಕೇಳಿದ ಅಣ್ಣನವರ ನೋವಿನ ಮುಂದೆ ನನ್ನದನ್ನು ಇಡುವ ಉದ್ದೇಶ ನನಗಿಲ್ಲ. ಬೇರೊಂದು ಪ್ರಕರಣದಲ್ಲಿ ನನ್ನ ತಮ್ಮನಿಗೆ ಇದೇ ಕಲಂಗಳ ಅಡಿಯಲ್ಲಿ ಜೀವಾವಧಿಯಾಗಿದೆ. ತನ್ನ ಹೆಸರಿನಲ್ಲಿ ಸಿಮ್ ತೆಗೆಸಿಕೊಟ್ಟದ್ದು ನಿಜವೆಂದು ಅವನೇ ಒಪ್ಪುತ್ತಾನೆ. ಅದನ್ನು ಯಾವುದಕ್ಕೆ ಬಳಸುತ್ತಾರೆಂದು ತನಗೆ ತಿಳಿದಿರಲಿಲ್ಲ ಎನ್ನುತ್ತಾನೆ. ಕೊಲೆ ನಡೆದ ಜಾಗದಲ್ಲಿ ಅವನಿದ್ದನೆಂದು ಯಾವ ಸಾಕ್ಷಿಯೂ ಹೇಳಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದೆ ಮೇಲ್ಮನವಿಯನ್ನೇ ಸಲ್ಲಿಸಿಲ್ಲ, ಅವಧಿ ಮೀರಿಹೋಗಿದೆ. ಉಳಿದವರ ಮೇಲ್ಮನವಿಯಲ್ಲಿ ಅವನ ವಿಷಯವೂ ತೀರ್ಮಾನವಾಗುತ್ತದೆಯೇ?

ಉತ್ತರ: ಮೇಲ್ಮನವಿ ವಕೀಲ

ಅಮ್ಮಾ, ನೀವು ಕೇಳಿದ್ದರಲ್ಲಿ ಯಾವ ತಪ್ಪೂ ಇಲ್ಲ. ಮೇಲ್ಮನವಿ ಎಂಬ ವ್ಯವಸ್ಥೆ ಇರುವುದೇ ಪ್ರತಿಯೊಬ್ಬನ ಪಾತ್ರವನ್ನು ಬೇರೆಬೇರೆಯಾಗಿ ತೂಗಿ ನೋಡುವುದಕ್ಕೆ.

ಸಹ ಆರೋಪಿಗಳ ಮೇಲ್ಮನವಿಯನ್ನು ನಂಬಿ ಕಾಯಬೇಡಿ. ಇಡೀ ಪ್ರಕರಣವೇ ಸುಳ್ಳೆಂದು ಅವರು ಖುಲಾಸೆಯಾದರೆ ಮೇಲ್ಮನವಿ ಸಲ್ಲಿಸದವನಿಗೂ ಅದರ ಪ್ರಯೋಜನ ಕೊಟ್ಟ ನಿದರ್ಶನಗಳಿವೆ. ಆದರೆ ನಿಮ್ಮ ತಮ್ಮನ ವಾದ ಅವರ ವಾದಕ್ಕಿಂತ ಬೇರೆ, ಕೆಲವೆಡೆ ಅವರ ವಾದಕ್ಕೆ ವಿರುದ್ಧವೂ ಆಗಬಹುದು. ಅದನ್ನು ಅವನ ಪರವಾಗಿಯೇ ಒಬ್ಬರು ನಿಂತು ಹೇಳಬೇಕು. ಕಲಂ 34ರ ಅಡಿಯಲ್ಲಿ ಕೊಲೆಗೆ ಹೊಣೆ ಮಾಡಬೇಕಾದರೆ ಕೊಲ್ಲುವ ಸಮಾನ ಉದ್ದೇಶದಲ್ಲಿ ಅವನು ಪಾಲುದಾರನಾಗಿದ್ದನೆಂದು ತೋರಿಸಬೇಕು. ಸಿಮ್ ಕೊಟ್ಟದ್ದು ಹಣ ಕೇಳುವ ಸಂಚಿನ ಅರಿವಿನಿಂದಲೇ ಎಂದು ಸಾಬೀತಾದರೂ, ಕೊಲೆಯ ಉದ್ದೇಶ ಅವನಿಗಿತ್ತೇ ಎಂಬುದು ಪ್ರತ್ಯೇಕ ಪ್ರಶ್ನೆಯಾಗಿ ಉಳಿಯುತ್ತದೆ. ಒಳಸಂಚಿನ ಕಲಂ 120ಬಿ ಕೂಡ ಸೇರಿದ್ದರೆ ವಾದದ ದಾರಿ ಬದಲಾಗುತ್ತದೆ, ಅದನ್ನು ತೀರ್ಪಿನಲ್ಲಿ ನೋಡಿಕೊಳ್ಳಿ. ಸಂಚಿನ ಅರಿವಿತ್ತೆಂದು ಸಾಬೀತಾದರೆ 364ಎ ಒಂದರಿಂದಲೇ ಜೀವಾವಧಿ ಉಳಿಯಬಹುದು ಎಂಬುದನ್ನೂ ಮುಚ್ಚಿಡದೆ ಹೇಳಬೇಕಾಗಿದೆ.

ಸೆಷನ್ಸ್ ನ್ಯಾಯಾಲಯದ ಜೀವಾವಧಿ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳ ಕಾಲಮಿತಿಯಿದೆ, ಮರಣದಂಡನೆಯಾದರೆ 30 ದಿನ. ಮೀರಿದ್ದರೆ ಪರಿಮಿತಿ ಅಧಿನಿಯಮದ ಕಲಂ 5ರ ಅಡಿಯಲ್ಲಿ ವಿಳಂಬ ಮನ್ನಿಸುವ ಅರ್ಜಿಯನ್ನು ಜೊತೆಗೆ ಹಾಕಬೇಕು. ಜೈಲಿನಲ್ಲಿದ್ದವನ ಬಡತನ ಮತ್ತು ನೆರವಿಲ್ಲದ ಸ್ಥಿತಿಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಸಹಾನುಭೂತಿಯಿಂದಲೇ ನೋಡುತ್ತವೆ. ಅಭಿರಕ್ಷೆಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಕಲಂ 12ರಂತೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಅವನು ಜೈಲಿನ ಅಧೀಕ್ಷಕರ ಮೂಲಕವೇ ಮೇಲ್ಮನವಿಯನ್ನೂ ನೆರವಿನ ಅರ್ಜಿಯನ್ನೂ ಕಳಿಸಬಹುದು. ನೀವು ಹೊರಗಿನಿಂದ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, 15100 ಸಂಖ್ಯೆಗೆ ಕರೆ ಮಾಡಿ ವಿಚಾರಿಸಲೂಬಹುದು. ಮೇಲ್ಮನವಿ ಒಮ್ಮೆ ಅಂಗೀಕಾರವಾದ ಮೇಲೆ ವಕೀಲರು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ವಜಾ ಮಾಡುವಂತಿಲ್ಲ, ಕಡತ ನೋಡಿ ಗುಣಾವಗುಣದ ಮೇಲೆಯೇ ತೀರ್ಮಾನಿಸಬೇಕು ಎಂದು 1996ರ ಬಾನಿ ಸಿಂಗ್ ತೀರ್ಪಿನಲ್ಲಿದೆ.

ಇನ್ನೊಂದು ವಿಷಯ ಕೇಳಬೇಕು. ಘಟನೆಯ ದಿನ ನಿಮ್ಮ ತಮ್ಮನಿಗೆ 18 ತುಂಬಿತ್ತೇ? ತುಂಬಿರದಿದ್ದರೆ ಬಾಲನ್ಯಾಯ ಅಧಿನಿಯಮದ ಪ್ರಕಾರ ಆ ವಾದವನ್ನು ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ ಎತ್ತಬಹುದು. ಶಾಲೆಯ ದಾಖಲಾತಿ ಅಥವಾ ಅಂಕಪಟ್ಟಿ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ ಹುಡುಕಿಡಿ.

ಪ್ರಶ್ನೆ ಕೇಳಿದ ಸೋದರಮಾವನವರಿಗೂ ಒಂದು ಮಾತು ಉಳಿದಿದೆ. ದೋಷಿಗಳೇ ಸಲ್ಲಿಸಿದ ಮೇಲ್ಮನವಿಯಲ್ಲಿ ಹೈಕೋರ್ಟ್ ಶಿಕ್ಷೆಯನ್ನು ಕಡಿಮೆ ಮಾಡಬಹುದೇ ಹೊರತು ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕಾದರೆ ಸರ್ಕಾರ ಪ್ರತ್ಯೇಕವಾಗಿ ಮೇಲ್ಮನವಿ ಹಾಕಬೇಕು, ಸಂತ್ರಸ್ತರ ಮೇಲ್ಮನವಿಯ ಹಕ್ಕು ಅಲ್ಲಿಗೆ ಚಾಚುವುದಿಲ್ಲ. ಪರಿಹಾರ ಸಾಲದೆನಿಸಿದರೆ ಅಥವಾ ಯಾವುದಾದರೂ ಆರೋಪದಿಂದ ಅವರನ್ನು ಬಿಟ್ಟಿದ್ದರೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 372ರ ಪರಂತುಕದ ಅಡಿಯಲ್ಲಿ ನಿಮ್ಮ ಅಕ್ಕನವರೇ ಮೇಲ್ಮನವಿ ಸಲ್ಲಿಸಬಹುದು. ಖುಲಾಸೆಯ ವಿರುದ್ಧ ಸಂತ್ರಸ್ತರು ಹೋಗುವಾಗ ಮುಂಚಿತವಾಗಿ ನ್ಯಾಯಾಲಯದ ಅನುಮತಿ ಕೇಳುವ ಅಗತ್ಯವಿಲ್ಲವೆಂದು 2018ರಲ್ಲಿ ಮಲ್ಲಿಕಾರ್ಜುನ ಕೊಡಗಲಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಹೇಳಿದೆ. ಜುಲೈ 1, 2024ಕ್ಕಿಂತ ಮುಂಚೆಯೇ ಬಾಕಿಯಿದ್ದ ಮೇಲ್ಮನವಿಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಮುಂದುವರಿಯುತ್ತವೆ. ನಿಮ್ಮದು ಯಾವ ದಿನಾಂಕದ್ದೆಂದು ನೋಡಿಕೊಂಡು ಅರ್ಜಿಯಲ್ಲಿ ಕಲಂ ಸಂಖ್ಯೆ ನಮೂದಿಸಿ. ಶಿಕ್ಷೆ ಅಮಾನತಿನ ಅರ್ಜಿಯ ಮುಂದಿನ ದಿನಾಂಕ ಸಿಕ್ಕ ಕೂಡಲೇ ವಕಾಲತ್ತು ಹಾಕಿಸಿ.